ಟಾರ್ಕ್ ರೆಂಚ್ ‘ಟಕ್’ ಅಂದರೆ ಬೋಲ್ಟ್ ಟೈಟ್ ಆಯಿತು ಅಂತಲಾ?

“ಫುಲ್ ಟೈಟ್ ಮಾಡಿದ್ದೀನಿ ಸಾರ್, ಏನೂ ಯೋಚನೆ ಮಾಡ್ಬೇಡಿ.” ಗ್ಯಾರೇಜಿನಲ್ಲಿ ಬೋಲ್ಟ್ ಬಗ್ಗೆ ಏನೇ ಕೇಳಿದರೂ ಸಿಗುವ ಉತ್ತರ ಇದೇ. ಈ ‘ಫುಲ್ ಟೈಟ್’ ಅನ್ನೋದು ನನಗೆ ಆಗಿಬರೋದಿಲ್ಲ. ಎಷ್ಟು ಅಂದರೆ ಫುಲ್? ಅದಕ್ಕೇ ನಾನು ಒಂದು ಟಾರ್ಕ್ ರೆಂಚ್ ಕೊಂಡೆ. ಟಾರ್ಕ್ ಅಂದರೆ ತಿರುಗಿಸುವ ಬಲ. ನಾವು ಇಟ್ಟ ಅಂಕಿಯಷ್ಟು ಬಲ ಬಿದ್ದ ಕೂಡಲೇ ‘ಟಕ್’ ಅನ್ನುವ ಸ್ಪ್ಯಾನರ್ ಇದು. ಕೊಂಡ ಮೇಲೆ ಇನ್ನೇನು, ಎಲ್ಲ ಸರಿಹೋಯಿತು ಅಂದುಕೊಂಡೆ.

ಹೋಗಿರಲಿಲ್ಲ. ನನ್ನ ಟರ್ಬೊ ಕಾರಿನ ಆಕ್ಸಲ್ ಬೂಟ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ದಂಡದ ಕೀಲಿಗೆ ಹಾಕಿರುವ ರಬ್ಬರ್ ಚೀಲ, ಹರಿದಿತ್ತು. ಭಾನುವಾರ ಕೂತು ನಾನೇ ಬದಲಾಯಿಸಿದೆ. ಗೇರ್‌ಬಾಕ್ಸಿನ ಫ್ಲಾಂಜಿಗೆ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ತಟ್ಟೆ) ಸಿವಿ ಜಾಯಿಂಟ್ (ಆಕ್ಸಲ್ ತುದಿಯ ಬಾಗುವ ಕೀಲು) ಸೇರುವ ಕಡೆ ಆರು ಬೋಲ್ಟ್, ಎರಡೂ ಕಡೆ ಸೇರಿ ಹನ್ನೆರಡು. ಮ್ಯಾನುಯಲ್ ನೋಡಿ ಅಂಕಿ ಇಟ್ಟೆ. ಹನ್ನೆರಡೂ ‘ಟಕ್’ ಅಂದವು. ಎರಡು ವಾರ ಬಿಟ್ಟು ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೋದೆ. ನಾಲ್ಕನೇ ಸುತ್ತಿನಲ್ಲಿ ಆಕ್ಸಲರೇಟರ್ ಬಿಟ್ಟಾಗಲೆಲ್ಲ ಕೆಳಗಿನಿಂದ ಕಟ ಕಟ ಸದ್ದು. ಪಿಟ್‌ಗೆ ತಂದು ಜಾಕ್ ಹಾಕಿ ನೋಡಿದರೆ ಎಡಗಡೆ ಫ್ಲಾಂಜಿನಲ್ಲಿ ಮೂರು ಬೋಲ್ಟ್ ಬೆರಳಿಗೇ ತಿರುಗುತ್ತಿದ್ದವು. ಒಂದು ಇರಲೇ ಇಲ್ಲ.

ರೆಂಚ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಬೋಲ್ಟ್ ಮಾಡುವ ಕೆಲಸ ಏನು? ಎರಡು ತುಂಡುಗಳು ಬೇರೆಯಾಗದಂತೆ ಮಧ್ಯೆ ಕಂಬಿ ಹಾಕಿದ ಹಾಗೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಬೋಲ್ಟ್ ಒಂದು ಸ್ಪ್ರಿಂಗ್. ತಿರುಗಿಸಿದಷ್ಟೂ ಅದು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಳೆದ ರಬ್ಬರ್ ಬ್ಯಾಂಡ್ ಹೇಗೆ ವಾಪಸ್ ಬರಲು ನೋಡುತ್ತದೋ ಹಾಗೆ ಬೋಲ್ಟೂ ಮೊದಲಿನ ಉದ್ದಕ್ಕೆ ಬರಲು ನೋಡುತ್ತದೆ. ಆ ಎಳೆತದಿಂದಲೇ ಎರಡು ತುಂಡುಗಳು ಒಂದನ್ನೊಂದು ಅಮುಕಿ ಹಿಡಿಯುತ್ತವೆ. ನಮಗೆ ಬೇಕಾಗಿರುವುದು ಈ ಅಮುಕು. ಟಾರ್ಕ್ ಅನ್ನುವುದು ಅಲ್ಲಿಗೆ ಹೋಗುವ ದಾರಿ, ಅಷ್ಟೇ.

ಒಂದು ಲೆಕ್ಕ ಮಾಡೋಣ. ಎಂ10 ಅಂದರೆ 10 ಮಿಲಿಮೀಟರ್ ದಪ್ಪದ ಬೋಲ್ಟ್. ತಲೆಯ ಮೇಲೆ 10.9 ಅಂತ ಒತ್ತಿರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ 1,000 ಮೆಗಾಪಾಸ್ಕಲ್, ಅದು ಬೋಲ್ಟ್ ತುಂಡಾಗುವ ಮಟ್ಟ. ಅದರ ಶೇಕಡಾ 90ರ ಹತ್ತಿರ ಬೋಲ್ಟ್ ಶಾಶ್ವತವಾಗಿ ಉದ್ದವಾಗಲು ಶುರುವಾಗುತ್ತದೆ, ಅದು ಎರಡನೇ ಅಂಕಿ. ಇಂಥ ಬೋಲ್ಟನ್ನು ಯಾವ ಭಯವೂ ಇಲ್ಲದೆ ಎಳೆಯಬಹುದಾದ ಮಿತಿ ಸುಮಾರು 48 ಕಿಲೋನ್ಯೂಟನ್. ಅದರ ಮುಕ್ಕಾಲು ಭಾಗಕ್ಕೆ ಎಳೆದರೆ 36 ಕಿಲೋನ್ಯೂಟನ್. ತೂಕದಲ್ಲಿ ಹೇಳಬೇಕೆಂದರೆ ಮೂರೂವರೆ ಟನ್‌ಗಿಂತ ಸ್ವಲ್ಪ ಜಾಸ್ತಿ. ಕಿರುಬೆರಳಿಗಿಂತ ಸಣ್ಣ ಕಬ್ಬಿಣಕ್ಕೆ ಎರಡು ಇನ್ನೋವಾ ನೇತುಹಾಕಿದ ಹಾಗೆ.

ಈ 36 ಬರಲು ಎಷ್ಟು ಟಾರ್ಕ್ ಬೇಕು? ಎಣ್ಣೆ ಹಾಕದ ಮಾಮೂಲಿ ಸ್ಟೀಲ್ ಬೋಲ್ಟಿಗೆ ಇಂಜಿನಿಯರ್‌ಗಳು ಬಳಸುವ ಅಂದಾಜು ಸೂತ್ರ ಒಂದಿದೆ. ಎಳೆತವನ್ನು ಬೋಲ್ಟ್ ದಪ್ಪದಿಂದ ಗುಣಿಸಿ, ಮತ್ತೆ 0.2ರಿಂದ ಗುಣಿಸಿ. 72 ನ್ಯೂಟನ್ ಮೀಟರ್ ಬರುತ್ತದೆ. ಆ 0.2 ಇದೆಯಲ್ಲ, ಇಡೀ ಕಥೆ ಅದರಲ್ಲೇ ಇದೆ.

ನೀವು ರೆಂಚಿಗೆ ಹಾಕುವ ಬಲವನ್ನು 100 ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಹತ್ತಿರತ್ತಿರ 50 ರೂಪಾಯಿ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೇ ಹೋಗುತ್ತದೆ. 40ರ ಹತ್ತಿರ ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆಯ ಉಜ್ಜಾಟಕ್ಕೆ. ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತೋ ಹನ್ನೆರಡೋ. ಅಂದರೆ ಟಾರ್ಕ್ ರೆಂಚ್ ಅಳೆಯುವುದು ಬಹುಪಾಲು ಘರ್ಷಣೆಯನ್ನೇ. ನಮಗೆ ಬೇಕಾದ್ದು ಚಿಲ್ಲರೆಯಲ್ಲಿ ಉಳಿದಿರುತ್ತದೆ.

ಈಗ ಅದೇ ಬೋಲ್ಟಿಗೆ ಸ್ವಲ್ಪ ಎಂಜಿನ್ ಆಯಿಲ್ ಸವರಿ. ಆ 0.2 ಇಳಿದು 0.15ರ ಹತ್ತಿರ ಬರುತ್ತದೆ. ಬೋಲ್ಟಿಗೆ ಸಿಗುವುದು 12ರ ಬದಲು 16 ರೂಪಾಯಿ. ನಾಲ್ಕೇ ರೂಪಾಯಿ ವ್ಯತ್ಯಾಸ, ಅಲ್ವಾ? ಆದರೆ ಅದೇ 72 ನ್ಯೂಟನ್ ಮೀಟರಿಗೆ ಎಳೆತ 36ರಿಂದ 48ಕ್ಕೆ ಹೋಯಿತು. ಬೋಲ್ಟ್ ಮಿತಿಯ ಅಂಚಿಗೆ ಬಂದು ನಿಂತಿತು. ಇನ್ನೂ ಜಾರುವ ಮಾಲಿಬ್ಡಿನಂ ಪೇಸ್ಟ್ ಹಾಕಿ 0.12ಕ್ಕೆ ಇಳಿಸಿದರೆ ಲೆಕ್ಕ 60 ಹೇಳುತ್ತದೆ. ಅಷ್ಟರಲ್ಲಿ ಬೋಲ್ಟ್ ಉದ್ದವಾಗಿಬಿಟ್ಟಿರುತ್ತದೆ, ಅಥವಾ ಕೈಯಲ್ಲೇ ತುಂಡಾಗುತ್ತದೆ. ರೆಂಚ್ ಮಾತ್ರ ಮೂರೂ ಸಲ 72ಕ್ಕೇ ‘ಟಕ್’ ಅಂದಿರುತ್ತದೆ. ‘ಎಣ್ಣೆ ಹಾಕಿದರೆ ಒಳ್ಳೇದು’ ಅನ್ನುವವರಿಗೂ ‘ಎಣ್ಣೆ ಹಾಕಲೇಬಾರದು’ ಅನ್ನುವವರಿಗೂ ನನ್ನ ಉತ್ತರ ಒಂದೇ: ಮ್ಯಾನುಯಲ್ ಯಾವ ಸ್ಥಿತಿಗೆ ಅಂಕಿ ಕೊಟ್ಟಿದೆಯೋ ಆ ಸ್ಥಿತಿಯಲ್ಲಿ ಹಾಕಿ. ರೇಸ್ ಬೋಲ್ಟ್ ಮಾಡುವ ಎಆರ್‌ಪಿಯಂಥ ಕಂಪನಿಗಳು ತಮ್ಮದೇ ಪೇಸ್ಟ್ ಕೊಡುವುದು, ಆ ಪೇಸ್ಟಿಗೇ ಬೇರೆ ಟಾರ್ಕ್ ಅಂಕಿ ಬರೆಯುವುದು ಇದಕ್ಕೇ.

ಉಲ್ಟಾ ಕೂಡ ಆಗುತ್ತದೆ. ತುಕ್ಕು ಹಿಡಿದ ಬೋಲ್ಟಿನಲ್ಲಿ ಆ 0.2 ಏರಿ 0.3ಕ್ಕೆ ಹೋಗಬಹುದು. ಆಗ 72ಕ್ಕೆ ಸಿಗುವುದು 24 ಕಿಲೋನ್ಯೂಟನ್ ಮಾತ್ರ. ಎಷ್ಟೇ ಎಚ್ಚರದಿಂದ ಕೆಲಸ ಮಾಡಿದರೂ ಬರೀ ಟಾರ್ಕ್ ನಂಬಿಕೊಂಡರೆ ಎಳೆತ ಆ ಕಡೆ ಈ ಕಡೆ ಶೇಕಡಾ 25ರಿಂದ 30ರಷ್ಟು ಓಡಾಡುತ್ತದೆ ಅನ್ನುವುದು ಈ ಕ್ಷೇತ್ರದವರೆಲ್ಲ ಒಪ್ಪಿದ ಮಾತು.

ಎಳೆತ ಅಷ್ಟು ಮುಖ್ಯ ಯಾಕೆ? ಫ್ಲಾಂಜಿನಿಂದ ಆಕ್ಸಲಿಗೆ ಎಂಜಿನ್ನಿನ ಬಲ ದಾಟುವುದು ಬೋಲ್ಟಿನ ದಂಡದ ಮೂಲಕ ಅಲ್ಲ. ಎರಡು ಮುಖಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಅಮುಕಿರುತ್ತವಲ್ಲ, ಆ ಹಿಡಿತದ ಮೂಲಕ. ಕೆಲವು ಕಾರುಗಳಲ್ಲಿ ಸಹಾಯಕ್ಕೆ ಪಿನ್ ಇರುತ್ತವೆ. ಆದರೂ ಮುಖ್ಯ ಕೆಲಸ ಹಿಡಿತದ್ದೇ. ಆರು ಬೋಲ್ಟ್, ಒಂದೊಂದಕ್ಕೆ 36 ಕಿಲೋನ್ಯೂಟನ್. ಒಟ್ಟು 216. ಒಣಗಿದ ಸ್ಟೀಲ್ ಮುಖಗಳ ಹಿಡಿತ ಅದರ 0.15 ಭಾಗ ಅಂತಿಟ್ಟುಕೊಳ್ಳಿ. ಬೋಲ್ಟ್‌ಗಳು ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿವೆ. ಗುಣಿಸಿದರೆ ಈ ಜೋಡಣೆ ಜಾರದೆ ಸುಮಾರು 1,600 ನ್ಯೂಟನ್ ಮೀಟರ್ ದಾಟಿಸಬಲ್ಲದು.

ಬೇಕಾದದ್ದು ಎಷ್ಟು? ಎಂಜಿನ್ ಎಷ್ಟೇ ಕೊಟ್ಟರೂ ಟೈರ್ ಜಾರಿದ ಮೇಲೆ ಅದಕ್ಕಿಂತ ಜಾಸ್ತಿ ಆಕ್ಸಲಿಗೆ ಬರುವುದಿಲ್ಲ. ಒಂದು ಚಕ್ರದ ಮೇಲೆ ನಾನೂರೈವತ್ತು ಕಿಲೋ ಭಾರ, ಅಂಟುವ ಟ್ರ್ಯಾಕ್ ಟೈರ್, 32 ಸೆಂಟಿಮೀಟರ್ ತ್ರಿಜ್ಯ ಅಂತ ಹಿಡಿದರೆ ಸುಮಾರು 1,400. ಅಂದರೆ ಎಲ್ಲ ಸರಿಯಿದ್ದಾಗ ಸಾಕಾಗುತ್ತದೆ, ಆದರೆ ಉಳಿಕೆ ಜಾಸ್ತಿಯೇನೂ ಇಲ್ಲ. ಮನೆ-ಆಫೀಸಿಗೆ ಓಡುವ ಕಾರು ಈ 1,400ರ ಹತ್ತಿರವೂ ಹೋಗುವುದಿಲ್ಲ. ಅಲ್ಲಿ ಬೋಲ್ಟ್ ಸ್ವಲ್ಪ ಕಡಿಮೆ ಟೈಟ್ ಆಗಿದ್ದರೂ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಟ್ರ್ಯಾಕ್ ಕಾರು ಪ್ರತಿ ತಿರುವಿನಲ್ಲೂ ಹೋಗುತ್ತದೆ.

ಈಗ ನನ್ನ ಕಾರಿಗೆ ಬನ್ನಿ. ಹಳೇ ಬೋಲ್ಟ್‌ಗಳನ್ನೇ ಹಾಕಿದ್ದೆ. ತಲೆಯ ಕೆಳಗಿನ ತಟ್ಟೆಗೆ ತುಕ್ಕು. ಸಿವಿ ಜಾಯಿಂಟಿನ ಗ್ರೀಸ್ ಫ್ಲಾಂಜ್ ಮುಖಕ್ಕೆ ಹರಡಿತ್ತು. ಬಟ್ಟೆಯಲ್ಲಿ ಸುಮ್ನೆ ಒರೆಸಿದ್ದೆ, ತೊಳೆದಿರಲಿಲ್ಲ. ಎಳೆತ 24, ಮುಖದ ಹಿಡಿತ 0.10 ಅಂತ ಹಾಕಿ ಲೆಕ್ಕ ಮಾಡಿ ನೋಡಿ. 720 ಬರುತ್ತದೆ. ಬೇಕಿದ್ದರಲ್ಲಿ ಅರ್ಧ.

ಹಿಡಿತ ಸಾಲದಿದ್ದರೆ ಮುಖಗಳು ಸ್ವಲ್ಪ ಜಾರುತ್ತವೆ. ಆಕ್ಸಲರೇಟರ್ ಒತ್ತಿದಾಗ ಆ ಕಡೆ, ಬಿಟ್ಟಾಗ ಈ ಕಡೆ. ಬೋಲ್ಟ್ ಸಡಿಲವಾಗುವುದು ಬರೀ ಅದುರಾಟದಿಂದ ಅಂತ ಮೊದಲು ನಂಬಿದ್ದರು. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಅನ್ನುವ ಇಂಜಿನಿಯರ್ ಪ್ರಯೋಗ ಮಾಡಿ ತೋರಿಸಿದರು: ಬೋಲ್ಟನ್ನು ಬಿಚ್ಚುವುದು ಮುಖ್ಯವಾಗಿ ಈ ಅಡ್ಡ ಜಾರಾಟ. ಒಂದೊಂದು ಸಲ ಜಾರಿದಾಗಲೂ ಥ್ರೆಡ್‌ನ ಘರ್ಷಣೆ ಒಂದು ಕ್ಷಣ ಕೈ ಬಿಡುತ್ತದೆ. ಥ್ರೆಡ್ ಇಳಿಜಾರು ದಾರಿ ಇದ್ದ ಹಾಗೆ ತಾನೇ, ಬೋಲ್ಟ್ ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಎಳೆತ ಇನ್ನಷ್ಟು ಕಡಿಮೆ, ಜಾರಾಟ ಇನ್ನಷ್ಟು ಜಾಸ್ತಿ. ಅದಕ್ಕೇ ಶುರುವಾದರೆ ಸುತ್ತುಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಇದನ್ನು ಪರೀಕ್ಷಿಸುವ ಯಂತ್ರವನ್ನು ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಅಂದಹಾಗೆ, ಸುರುಳಿ ಸ್ಪ್ರಿಂಗ್ ವಾಷರ್ ಹಾಕಿದರೆ ಬೋಲ್ಟ್ ಬಿಚ್ಚಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ನಾಸಾ 1990ರಲ್ಲಿ ಹೊರತಂದ ಬೋಲ್ಟ್ ಕೈಪಿಡಿಯೇ ಅದನ್ನು ಕೈಬಿಟ್ಟಿದೆ. ಟೈಟ್ ಮಾಡಿದಾಗ ಆ ವಾಷರ್ ಚಪ್ಪಟೆಯಾಗುತ್ತದೆ. ಆಮೇಲೆ ಅದು ಮಾಮೂಲಿ ವಾಷರ್ ಅಷ್ಟೇ.

ಫ್ಲಾಂಜ್ ಬೋಲ್ಟ್‌ಗಳಿಗೆ ಇನ್ನೊಂದು ಕಷ್ಟವಿದೆ. ಅವು ಗಿಡ್ಡ. 20 ಮಿಲಿಮೀಟರ್ ದಪ್ಪವನ್ನು ಹಿಡಿದ ನಮ್ಮ ಎಂ10 ಬೋಲ್ಟ್ 36 ಕಿಲೋನ್ಯೂಟನ್ನಿಗೆ ಎಳೆದುಕೊಳ್ಳುವುದು ಬರೀ 0.06 ಮಿಲಿಮೀಟರ್. ತಲೆಕೂದಲಿನಷ್ಟು ದಪ್ಪ. ಮೂರೂವರೆ ಟನ್ ಅಮುಕು ನಿಂತಿರುವುದು ಆ ಒಂದು ಕೂದಲಿನ ಮೇಲೆ. ಎರಡು ಮುಖಗಳ ನಡುವೆ ಇದ್ದ ಒರಟು, ದೂಳು, ತುಕ್ಕು ಓಡಾಟದಲ್ಲಿ ನುಣ್ಣಗಾಗಿ 0.01 ಮಿಲಿಮೀಟರ್ ಕೂತರೂ ಸಾಕು, ಹೆಚ್ಚುಕಡಿಮೆ ಆರನೇ ಒಂದು ಭಾಗ ಎಳೆತ ಹೋಯಿತು. ಚೆನ್ನಾಗಿ ಕಾಣಲಿ ಅಂತ ಫ್ಲಾಂಜಿಗೆ ಪೇಂಟ್ ಹೊಡೆಯುವವರಿದ್ದಾರೆ. ಮುಖಗಳ ನಡುವೆ, ಬೋಲ್ಟ್ ತಲೆಯ ಕೆಳಗೆ ಪೇಂಟ್ ಇರಲೇಬಾರದು. ಪೇಂಟ್ ಪದರ 0.01ಕ್ಕಿಂತ ಎಷ್ಟೋ ದಪ್ಪ. ಬಿಸಿಗೆ ಮೆತ್ತಗಾಗಿ ಅದು ಪಕ್ಕಕ್ಕೆ ಸರಿದರೆ ಇಡೀ ಕೂದಲೇ ಹೋಯಿತು. ಉದ್ದ ಬೋಲ್ಟಿಗೆ ಈ ಗೋಳಿಲ್ಲ. 60 ಮಿಲಿಮೀಟರ್ ಹಿಡಿದದ್ದು 0.18ರಷ್ಟು ಎಳೆದುಕೊಂಡಿರುತ್ತದೆ. ಅಷ್ಟೇ ಕೂತರೆ ಅದಕ್ಕೆ ಲೆಕ್ಕಕ್ಕಿಲ್ಲ.

ಹಾಗಾಗಿ ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ ತೊಳೆಯುವುದಕ್ಕೇ ಹೋಗಬೇಕು. ಬ್ರೇಕ್ ಕ್ಲೀನರ್ ಹಾಕಿ ಮುಖ, ಬೋಲ್ಟ್, ಬೋಲ್ಟ್ ಕೂರುವ ತೂತು ಎಲ್ಲ ಒಣಗುವವರೆಗೆ. ತೂತಿನ ತಳದಲ್ಲಿ ಎಣ್ಣೆಯೋ ಕೊಳೆಯೋ ಉಳಿದರೆ ಬೋಲ್ಟ್ ಅದಕ್ಕೇ ತಾಗಿ ನಿಲ್ಲುತ್ತದೆ. ರೆಂಚ್ ಟಕ್ ಅನ್ನುತ್ತದೆ, ಮುಖಗಳು ಅಮುಕಿರುವುದೇ ಇಲ್ಲ. ಬೋಲ್ಟನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ನೋಡಿ. ಕೈಗೆ ಬಾರದಿದ್ದರೆ ಅಲ್ಲೇ ನಿಲ್ಲಿಸಿ.

ಟೈಟ್ ಮಾಡುವಾಗ ಒಂದರ ಪಕ್ಕ ಒಂದು ಹೋಗಬೇಡಿ, ಎದುರುಬದುರು ಹೋಗಿ. ಒಂದನ್ನು ಬಿಗಿದಾಗ ಪಕ್ಕದ್ದು ಸ್ವಲ್ಪ ಸಡಿಲವಾಗುತ್ತದೆ. ಅದಕ್ಕೇ ಮೊದಲ ಸುತ್ತು ಮೂರನೇ ಒಂದು ಭಾಗಕ್ಕೆ, ಎರಡನೇ ಸುತ್ತು ಮೂರನೇ ಎರಡಕ್ಕೆ, ಆಮೇಲೆ ಪೂರ್ತಿ. ಕೊನೆಯಲ್ಲಿ ಇನ್ನೊಂದು ಸುತ್ತು ಹೋದರೆ ಕೆಲವು ಮತ್ತೆ ತಿರುಗುವುದು ಕಾಣುತ್ತದೆ.

ರೆಂಚನ್ನು ಹಿಡಿಯ ನಡುವೆ ಹಿಡಿದು ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ಜರ್ಕ್ ಕೊಟ್ಟರೆ ಅಂಕಿ ದಾಟಿಹೋಗುತ್ತದೆ. ಗುರಿಯ ಹತ್ತಿರ ಬಂದು ಮಧ್ಯೆ ನಿಲ್ಲಿಸಬಾರದು. ನಿಂತ ಬೋಲ್ಟನ್ನು ಮತ್ತೆ ಹೊರಡಿಸಲು ಜಾಸ್ತಿ ಬಲ ಬೇಕು, ಹಾಗಾಗಿ ತಿರುಗುವ ಮೊದಲೇ ಟಕ್ ಅನ್ನುತ್ತದೆ. ಟೈಟ್ ಆದ ಬೋಲ್ಟನ್ನು ಮರುದಿನ ರೆಂಚ್ ಹಾಕಿ ‘ಚೆಕ್’ ಮಾಡುವವರಿಗೂ ಇದೇ ಮೋಸ. ಟಕ್ ಅಂದರೆ ತೀರಾ ಸಡಿಲ ಇಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ರೆಂಚೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಒಳ್ಳೇ ರೆಂಚಿಗೂ ಶೇಕಡಾ 4ರಷ್ಟು ಆಚೀಚೆ ಇರಲು ಅಂತರರಾಷ್ಟ್ರೀಯ ಮಾನದಂಡವೇ ಬಿಟ್ಟಿದೆ. ಆದರೆ ಘರ್ಷಣೆ ಮಾಡುವ ಶೇಕಡಾ 30ರ ಮುಂದೆ ಆ 4 ಏನೂ ಅಲ್ಲ. ದುಬಾರಿ ರೆಂಚಿಗೆ ದುಡ್ಡು ಹಾಕುವ ಮೊದಲು ಹೊಸ ಬೋಲ್ಟಿಗೆ ಹಾಕಿ ಅನ್ನುತ್ತೇನೆ ನಾನು.

ಲಾಕ್‌ಟೈಟ್ ಹಾಕಬೇಕಾ? ಮ್ಯಾನುಯಲ್ ಹೇಳಿದ ಕಡೆ ಹಾಕಿ. ಅಮೆರಿಕದ ರಸಾಯನಶಾಸ್ತ್ರ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಕಂಡುಹಿಡಿದ ಈ ಅಂಟು ಗಾಳಿ ಸಿಗದಾಗ, ಲೋಹದ ಜೊತೆ ಸೇರಿ ಗಟ್ಟಿಯಾಗುತ್ತದೆ. ಥ್ರೆಡ್ ಸಂದಿಯಲ್ಲಿ ಗಾಳಿ ಇಲ್ಲವಲ್ಲ. ಎರಡು ವಿಷಯ ನೆನಪಿರಲಿ. ಹಸಿ ಇದ್ದಾಗ ಅದೂ ಒಂದು ಥರ ಎಣ್ಣೆಯೇ, ಘರ್ಷಣೆಯನ್ನು ಬದಲಿಸುತ್ತದೆ. ಇನ್ನೊಂದು, ಗಟ್ಟಿಯಾದ ಮೇಲೆ ‘ನೂರು ಕಿಲೋಮೀಟರ್ ಆಯಿತು, ಇನ್ನೊಂದ್ಸಲ ಟೈಟ್ ಮಾಡೋಣ’ ಅಂತ ತಿರುಗಿಸಿದರೆ ಅಂಟು ಒಡೆಯುತ್ತದೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಅದಕ್ಕೆ ಬೋಲ್ಟಿನ ತಲೆಯಿಂದ ಫ್ಲಾಂಜಿನವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ಮುರಿದ ಗೆರೆ ಕಂಡರೆ ಸುಮ್ಮನೆ ಮತ್ತೆ ಬಿಗಿಯಬೇಡಿ, ಬಿಚ್ಚಿ ತೊಳೆದು ಹೊಸ ಬೋಲ್ಟ್ ಹಾಕಿ. ಜಾರಾಟ ಕಂಡ ಬೋಲ್ಟ್ ಒಳಗೆ ಬಿರುಕು ಬಿಟ್ಟಿರಬಹುದು.

ಘರ್ಷಣೆಯ ಈ ಜಂಜಾಟದಿಂದ ತಪ್ಪಿಸಿಕೊಳ್ಳುವ ದಾರಿ ಇದೆಯಾ? ಇದೆ, ಕೋನ. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಎಂಜಿನ್‌ಗಳ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಬೋಲ್ಟಿಗೆ 60 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ ಅಂತ ಇರುತ್ತದೆ. ಮೊದಲ 60 ಮುಖಗಳನ್ನು ಕೂರಿಸಲು. ಅಲ್ಲಿಂದ ಮುಂದೆ ಟಾರ್ಕ್ ನೋಡುವುದೇ ಬೇಡ. ಒಂದು ಪೂರ್ತಿ ಸುತ್ತಿಗೆ ಬೋಲ್ಟ್ ಒಂದು ಥ್ರೆಡ್‌ನಷ್ಟು ಮುಂದೆ ಹೋಗುತ್ತದೆ, ಕಾಲು ಸುತ್ತಿಗೆ ಅದರ ಕಾಲು ಭಾಗ. ಥ್ರೆಡ್ ಒಣಗಿದ್ದರೂ ಎಣ್ಣೆ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಇಂಥ ಬೋಲ್ಟ್‌ಗಳನ್ನು ಬಹಳ ಸಲ ಶಾಶ್ವತವಾಗಿ ಉದ್ದವಾಗುವ ಮಟ್ಟಕ್ಕೇ ಎಳೆಯುತ್ತಾರೆ. ಅದಕ್ಕೇ ಬಿಚ್ಚಿದರೆ ಬಿಸಾಡಬೇಕು. ‘ಚೆನ್ನಾಗೇ ಇದೆಯಲ್ಲ ಸಾರ್’ ಅಂದರೆ ಒಪ್ಪಬೇಡಿ.

ಅದೇ ಗುಂಪಿನ ಕಾರುಗಳ ಚಕ್ರದ ನಡುವಿನ ಆಕ್ಸಲ್ ಬೋಲ್ಟ್ ಇನ್ನೊಂದು ಪಾಠ. ಕೆಳಮುಖ ನುಣ್ಣಗಿರುವ ಬೋಲ್ಟಿಗೆ 200 ನ್ಯೂಟನ್ ಮೀಟರ್ ಮತ್ತು 180 ಡಿಗ್ರಿ. ಕೆಳಮುಖಕ್ಕೆ ಹಲ್ಲುಗೆರೆ ಇರುವ ಬೋಲ್ಟಿಗೆ 70 ಮತ್ತು 90. ನೋಡಲು ಎರಡೂ ಒಂದೇ ಥರ. ಇನ್ನೊಬ್ಬರ ಕಾರಿನ ಅಂಕಿ ಕೇಳಿ ಬಿಗಿಯುವವರು ಎಡವುವುದು ಇಲ್ಲೇ. ಆ ಬೋಲ್ಟ್ ಸಡಿಲ ಇರುವಾಗ ಚಕ್ರದ ಮೇಲೆ ಕಾರಿನ ಭಾರ ಬಿಡಬಾರದು. ಬೇರಿಂಗ್ ಹಾಳಾಗುತ್ತದೆ.

ಎಲ್ಲಕ್ಕಿಂತ ನಿಖರ ವಿಧಾನ ಅಂದರೆ ಬೋಲ್ಟ್ ಎಷ್ಟು ಉದ್ದವಾಯಿತು ಅಂತ ನೇರವಾಗಿ ಅಳೆಯುವುದು. ಎರಡೂ ತುದಿ ಕೈಗೆ ಸಿಗಬೇಕು, ಹಾಗಾಗಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ಬೋಲ್ಟಿಗೆ ಇದು ಸರಿಹೊಂದುತ್ತದೆ. ರೇಸ್ ಎಂಜಿನ್ ಕಟ್ಟುವವರು ಹೀಗೇ ಮಾಡುತ್ತಾರೆ. ರಾಡ್ ಬೋಲ್ಟ್ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ 2014ರ ಪೋರ್ಷ 911 ಜಿಟಿ3 ಸಾಕ್ಷಿ. 9,000 ಆರ್‌ಪಿಎಂವರೆಗೆ ಓಡುವ 475 ಅಶ್ವಶಕ್ತಿಯ ಎಂಜಿನ್. ಎರಡು ಕಾರುಗಳಿಗೆ ಬೆಂಕಿ ಹತ್ತಿಕೊಂಡಿತು. ಓಡಿಸಬೇಡಿ ಅಂತ ಕಂಪನಿಯೇ ಮಾಲೀಕರಿಗೆ ಹೇಳಿತು. ರಾಡ್ ಬೋಲ್ಟ್ ಸಡಿಲವಾಗಿ ಎಂಜಿನ್ ಕವಚ ಒಡೆದು, ಹೊರಬಂದ ಎಣ್ಣೆ ಹೊತ್ತಿಕೊಂಡಿತ್ತು. ಆ ಮಾದರಿಯ 785 ಕಾರುಗಳಿಗೂ ಹೊಸ ಎಂಜಿನ್ ಹಾಕಿಕೊಟ್ಟರು.

ಕೊನೆಯದಾಗಿ, ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಪಿನಿಯನ್ ನಟ್, ಅಂದರೆ ಅದರ ಪುಟ್ಟ ಗೇರನ್ನು ಹಿಡಿದಿಡುವ ನಟ್. ಇದಕ್ಕೆ ಮೇಲೆ ಹೇಳಿದ ಯಾವುದೂ ನೇರವಾಗಿ ಒಗ್ಗುವುದಿಲ್ಲ. ಮಸ್ಟಾಂಗ್‌ನಲ್ಲಿ ಬರುತ್ತಿದ್ದ ಫೋರ್ಡ್ 8.8 ಇಂಚಿನ ಡಿಫರೆನ್ಷಿಯಲ್ ತೆಗೆದುಕೊಳ್ಳಿ. ನಟ್ ಬಿಗಿದಂತೆ ಒಳಗಿರುವ ತೆಳು ಕೊಳವೆಯೊಂದು ಜಜ್ಜಿಕೊಳ್ಳುತ್ತದೆ, ಎರಡು ಬೇರಿಂಗ್‌ಗಳು ಹತ್ತಿರ ಬರುತ್ತವೆ. ಕೊಳವೆ ಜಜ್ಜಲು ಇನ್ನೂರರ ಆಸುಪಾಸು ನ್ಯೂಟನ್ ಮೀಟರ್ ಬೇಕು, ಕೆಲವು ಸಲ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ನಾವು ಅಳೆಯಬೇಕಾದ್ದು ಅದನ್ನಲ್ಲ. ಪಿನಿಯನ್ನನ್ನು ಕೈಯಲ್ಲಿ ತಿರುಗಿಸಲು ಎಷ್ಟು ಬಲ ಬೇಕು ಅನ್ನುವುದನ್ನು. ಹೊಸ ಬೇರಿಂಗಿಗೆ ಅದು ಸುಮಾರು 2ರಿಂದ 3 ನ್ಯೂಟನ್ ಮೀಟರ್. ಒಂದು ಕೈಯಲ್ಲಿ ಮೀಟರುದ್ದದ ರಾಡ್, ಇನ್ನೊಂದು ಕೈಯಲ್ಲಿ ಪುಟ್ಟ ಮುಳ್ಳಿನ ರೆಂಚ್. ಸ್ವಲ್ಪ ಬಿಗಿ, ತಿರುಗಿಸಿ ನೋಡು, ಮತ್ತೆ ಸ್ವಲ್ಪ ಬಿಗಿ. 3 ದಾಟಿತು ಅಂತ ನಟ್ ಹಿಂದಕ್ಕೆ ತಿರುಗಿಸಿದರೆ ಅಂಕಿ ಇಳಿಯುತ್ತದೆ, ಆದರೆ ಜಜ್ಜಿದ ಕೊಳವೆ ವಾಪಸ್ ಎದ್ದು ನಿಲ್ಲುವುದಿಲ್ಲ. ಆ ನಟ್ಟನ್ನು ಹಿಡಿದುಕೊಳ್ಳಲು ಆಗ ಏನೂ ಇರುವುದಿಲ್ಲ. ಪೂರ್ತಿ ಬಿಚ್ಚಬೇಕು, ಹೊಸ ಕೊಳವೆ ಹಾಕಬೇಕು, ಮೊದಲಿನಿಂದ ಶುರು ಮಾಡಬೇಕು.